ಎರೆಹೊಲದ ಅಂಚಿನ ತರಗತಿ

ಮಳೆ ಒಂದು ತಾಸು ಬಿದ್ದು ನಿಂತರೆ ಸಾಕು, ಆಳಂದದ ಎರೆಮಣ್ಣು ಚಪ್ಪಲಿಯನ್ನು ಬಿಡುವುದಿಲ್ಲ. ಹೆಜ್ಜೆಗೊಂದು ಪದರ ಅಂಟುತ್ತ ಅಂಟುತ್ತ, ಹತ್ತು ಮಾರು ನಡೆಯುವಷ್ಟರಲ್ಲಿ ಎರಡೂ ಕಾಲು ಭಾರವಾಗಿ, ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುವುದೇ ಮೇಲು ಅನ್ನಿಸುತ್ತದೆ. ಬೈಕಿನ ಮಡ್‌ಗಾರ್ಡಿನೊಳಗೆ ಅದೇ ಮಣ್ಣು ಮೆತ್ತಿ ಗಾಲಿ ತಿರುಗದೆ ನಿಂತವರು ಬದುವಿನ ಮೇಲೆ ಕೂತು ತೊಗರಿ ಕಟ್ಟಿಗೆಯಿಂದ ಅದನ್ನು ಕೆದರುತ್ತಿರುತ್ತಾರೆ. ಆಷಾಢದ ಬೆಳಗು. ತೊಗರಿ ಇನ್ನೂ ಗೇಣು ಮೀರಿಲ್ಲ. ಸಾಲುಗಳ ನಡುವೆ ಹೆಸರು, ಉದ್ದು ಹಸಿರಾಗಿ ಹರಡಿವೆ. ಹಸಿಮಣ್ಣಿನ ವಾಸನೆಯೊಳಗೆ ಒಲೆಯ ಹೊಗೆ ಬೆರೆತಿದೆ. ಯಾವುದೋ ಮನೆಯ ಪಡಸಾಲೆಯಿಂದ ರೊಟ್ಟಿ ಬಡಿಯುವ ಸದ್ದು ಒಂದೇ ಲಯದಲ್ಲಿ ಕೇಳಿಬರುತ್ತಿದೆ.

ಮಹಾರಾಷ್ಟ್ರದ ಗಡಿ ಇಲ್ಲಿಂದ ದೂರವಿಲ್ಲ. ಖಜೂರಿಯ ಕಡೆ ಹೋಗುವ ಟಂಟಂಗಳಲ್ಲಿ ಕನ್ನಡ, ಮರಾಠಿ, ದಖನಿ ಮೂರೂ ತೊಡೆಗೆ ತೊಡೆ ತಾಗಿಸಿ ಕೂತಿರುತ್ತವೆ. ಮೊಬೈಲು ಕೂಡ ಇಲ್ಲಿ ಗಡಿ ನೋಡುವುದಿಲ್ಲ. ಹೊಲದ ಈ ತುದಿಯಲ್ಲಿ ನಮ್ಮ ಟವರು, ಆ ತುದಿಯಲ್ಲಿ ಅವರ ಟವರು. ಆಚೆಯ ಟವರು ಹಿಡಿದಾಗ 108ಕ್ಕೆ ಮಾಡಿದ ಕರೆ ಆಚೆಯ ರಾಜ್ಯಕ್ಕೇ ಹೋಗಿಬಿಡಬಹುದು. ಕರೆ ಸರಿಯಾದ ಕಡೆಗೇ ಹೋದರೂ ಆಂಬುಲೆನ್ಸು ಬಂದು ನಿಲ್ಲುವುದು ಡಾಂಬರು ಮುಗಿಯುವಲ್ಲಿ. ಅಲ್ಲಿಂದ ಮುಂದಿನದು ಈ ಮಣ್ಣಿನ ದಾರಿ. ಕಲಬುರಗಿ ನಗರ ಆಳಂದ ಪಟ್ಟಣದಿಂದ ಸುಮಾರು 40 ಕಿಲೋಮೀಟರ್, ಜೇವರ್ಗಿಯಿಂದಲೂ ಹೆಚ್ಚುಕಡಿಮೆ ಅಷ್ಟೇ, ಅಫಜಲಪುರದಿಂದ ಇನ್ನೂ ಹೆಚ್ಚು. ತಾಲ್ಲೂಕು ಕೇಂದ್ರಕ್ಕೇ ದೂರವಿರುವ ಹಳ್ಳಿಗಳ ಲೆಕ್ಕ ಬೇರೆ. ಕರೆ ಮಾಡಿದ ಗಳಿಗೆಗೂ ಆಸ್ಪತ್ರೆಯ ಬಾಗಿಲಿಗೂ ನಡುವಿನ ಆ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಿರುತ್ತಾರೆ, ಅವರ ಕೈಗೆ ಏನು ಗೊತ್ತಿರುತ್ತದೆ ಎಂಬುದು ಜೀವದ ಪ್ರಶ್ನೆ. ಬನ್ನಿ, ಆ ಕೈಗಳು ಪಾಠ ಕಲಿಯುತ್ತಿರುವ ಕೋಣೆಗೆ ಹೋಗೋಣ. ಬಾಗಿಲಲ್ಲಿ ಪರ್ಶಿ ಕಲ್ಲು ಹಾಸಿದ್ದಾರೆ, ಕಾಲು ಅಲ್ಲೇ ಒರೆಸಿಕೊಳ್ಳಿ.

ಊರಿನ ಆಯುಷ್ಮಾನ್ ಆರೋಗ್ಯ ಮಂದಿರ ಎಂದರೆ ಎರಡು ಕೋಣೆ, ಒಂದು ಪಡಸಾಲೆ. ಹಳದಿ ಬಣ್ಣದ ಗೋಡೆಯ ಮೇಲೆ ಲಸಿಕೆಯ ವೇಳಾಪಟ್ಟಿ, ರಕ್ತಹೀನತೆಯ ಚಿತ್ರ. ಫಿನಾಯಿಲ್ ವಾಸನೆ, ಅದರ ಮೇಲೆ ಈಗಷ್ಟೇ ಕಾಸಿದ ಚಹಾದ ವಾಸನೆ. ಜಮಖಾನೆಯ ಮೇಲೆ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯರು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾರೆ. ಅವರ ಪಕ್ಕ ಅಂಗನವಾಡಿಯ ಬಾಯಿ, ಬಾಗಿಲ ಹತ್ತಿರ ಪಂಚಾಯ್ತಿಯ ನೀರುಗಂಟಿ, ಕಿಟಕಿಯ ಕಟ್ಟೆಯ ಮೇಲೆ ಟಂಟಂ ಓಡಿಸುವ ಹುಡುಗ. ಅವನನ್ನು ಯಾರೂ ಅಧಿಕೃತವಾಗಿ ಕರೆದಿಲ್ಲ. ಆದರೆ ರಾತ್ರಿ ಎರಡಕ್ಕೆ ಹೆರಿಗೆ ನೋವು ಬಂದರೆ ಊರು ಮೊದಲು ಬಡಿಯುವುದು ಅವನ ಬಾಗಿಲನ್ನೇ, ಹಾಗಾಗಿ ಸಮುದಾಯ ಆರೋಗ್ಯ ಅಧಿಕಾರಿ ಅವನನ್ನೂ ಬಾ ಎಂದಿದ್ದಾರೆ. ಅಧಿಕಾರಿ ಅಂದರೆ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ನರ್ಸಿಂಗ್ ಓದಿದ ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸಿನ ಹುಡುಗಿ, ಊರಿಗೆಲ್ಲ 'ಸಿಸ್ಟರ್'. ಲಸಿಕೆ ಪೆಟ್ಟಿಗೆಗೆ ಒರಗಿಸಿಟ್ಟ ಅವಳ ಫೋನಿನಿಂದ ಗೋಡೆಯ ಟಿವಿಗೆ ಪಾಠ ಹರಿಯಬೇಕು. ಹರಿಯುತ್ತಿಲ್ಲ. ಪರದೆಯ ನಡುವೆ ಒಂದು ಬಿಳಿ ಸುತ್ತು ತಿರುಗುತ್ತಲೇ ಇದೆ.

"ಸರ್, ಆವಾಜ ಬರವಲ್ದುರಿ," ಎಂದು ಯಾರೋ ಅತ್ತಲಿಂದ. ಇನ್ನಾರದೋ ಫೋನಿನಿಂದ ಕೋಳಿ ಕೂಗು. ಒಂದು ಹಸುಗೂಸಿನ ಅಳು, ಕುಕ್ಕರಿನ ಸೀಟಿ, ಬಸ್ಸಿನ ಹಾರ್ನು, ಎಲ್ಲವೂ ಒಂದೇ ಸಮ ಕೇಳಿಬರುತ್ತವೆ. ಪಾಠಕ್ಕೆ ಕೂಡಿದ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಬೆಳಗು ಆ ಪುಟ್ಟ ಸ್ಪೀಕರಿನಲ್ಲಿ ಸೇರಿದಂತಿದೆ. "ಮೈಕ್ ಬಂದ್ ಮಾಡ್ರೀ ಎಲ್ಲಾರು," ಎಂಬ ಗದರಿಕೆ ಬಂದ ಮೇಲೆ ಸದ್ದು ಒಂದೊಂದಾಗಿ ಅಡಗುತ್ತದೆ. ಆಗ ಪರದೆಯ ಮೇಲೆ ಕಲಬುರಗಿಯ ವೈದ್ಯರೊಬ್ಬರು ಕಾಣಿಸಿಕೊಳ್ಳುತ್ತಾರೆ. ಹಿಂದೆ ಪುಸ್ತಕದ ಕಪಾಟು, ಮುಂದೆ ಉಗಿಯಾಡುವ ಲೋಟ. ಇವತ್ತಿನ ಪಾಠ ಹಾವು ಕಡಿತ. ನಾಗರ ಪಂಚಮಿ ಹತ್ತಿರ ಬಂದಿದೆ. ಹುತ್ತಕ್ಕೆ ಹಾಲೆರೆಯುವ ತಯಾರಿ ನಡೆದಿರುವಾಗಲೇ ಹೊಲದಲ್ಲಿ ಕಳೆ ತೆಗೆಯುವ ಕೈಗಳಿಗೆ ಹಾವು ಹೆಚ್ಚು ಸಿಗುವ ಕಾಲವೂ ಇದೇ.

ನಾಲ್ಕು ಹಾವುಗಳ ಚಿತ್ರ ಬಂತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷದ ಚುಚ್ಚುಮದ್ದು ಕೆಲಸ ಮಾಡುವುದು ಈ ನಾಲ್ಕರ ವಿಷದ ಮೇಲೆ. ಮುದುಕರೊಬ್ಬರು ಬಾಗಿಲಿಂದಲೇ ಬಗ್ಗಿ ನೋಡಿ, "ಇದು ಕೊಳಕಮಂಡಲ, ಅದರದ್ದು ಬುಸುಗುಡೋ ಆವಾಜ ಕುಕ್ಕರ್ ಇದ್ದಂಗ," ಎಂದು ಒಳಗೆ ಬಂದು ಕೂತೇಬಿಟ್ಟರು. ವೈದ್ಯರು ಹೇಳುತ್ತ ಹೋದರು: ಕಡಿದ ಕೂಡಲೇ ಕಾಲುಂಗುರ, ಬಳೆ, ಕಡಗ, ದಾರ ಎಲ್ಲ ಬಿಚ್ಚಿ, ಬಾವು ಏರಿದ ಮೇಲೆ ತೆಗೆಯಲಿಕ್ಕೆ ಬಾರದು. ಗಾಯ ಕೊಯ್ಯಬೇಡಿ, ಬಾಯಿಟ್ಟು ಹೀರಬೇಡಿ. ಮುರಿದ ಕಾಲಿಗೆ ಹಲಗೆ ಕೊಟ್ಟು ಅಲುಗದಂತೆ ಇಡುವ ಹಾಗೆ ಇಟ್ಟು, ನಡೆಸದೆ ಹೊತ್ತು ತನ್ನಿ. ಬಿಗಿಯಾಗಿ ಕಟ್ಟಬೇಡಿ.

ಅಲ್ಲಿಗೆ ತಡೆ ಬಿತ್ತು. "ಕಟ್ಟದಿದ್ರ ವಿಷ ಮ್ಯಾಲ ಏರಂಗಿಲ್ಲೇನವಾ?" ಎಂದರು ಮುದುಕರು, ಪರದೆಯನ್ನು ನಂಬದೆ ಸಿಸ್ಟರ್ ಕಡೆ ತಿರುಗಿ.

"ಕಾಕಾ, ಹಗ್ಗ ಬಿಗದ್ರ ರಕ್ತ ಸಿಗಲಾರ್ದ ಕಾಲೇ ಕೊಳಿತದ. ಬಿಚ್ಚಿದ ಕೂಡ್ಲೇ ನಿಂತ ವಿಷ ಒಮ್ಮಿಗೇ ಏರ್ತದ. ಕಟ್ಕೊಂಡೇ ಬಂದಿದ್ರ ದವಾಖಾನಿಗಿ ಬರೂತನಾ ಬಿಚ್ಚಬ್ಯಾಡ್ರಿ, ಅಲ್ಲಿ ಡಾಕ್ಟರ್ ಬಿಚ್ಚತಾರ."

ಸಿಸ್ಟರ್ ಕೊಟ್ಟ ಆ ಉತ್ತರ ವೈದ್ಯರ ಸ್ಲೈಡಿನಲ್ಲಿದ್ದುದೇ. ಆದರೆ ಮುದುಕರು ತಲೆದೂಗಿದ್ದು ಅವಳ ಬಾಯಿಂದ ಬಂದ ಮೇಲೆ. ದೂರದ ಪಾಠಕ್ಕೆ ಊರಿನಲ್ಲಿ ಇಂಥದೊಂದು ಬಾಯಿ ಬೇಕು.

ಆಮೇಲೆ ಬಂದ ಪ್ರಶ್ನೆ ಪಾಠದ ದಿಕ್ಕನ್ನೇ ತಿರುಗಿಸಿತು. ಕೇಳಿದ್ದು ಜೇವರ್ಗಿ ಕಡೆಯ ಆಶಾ ಕಾರ್ಯಕರ್ತೆ, ಮುಖ ಕಾಣುತ್ತಿಲ್ಲ, ದನಿ ಮಾತ್ರ. ರಾತ್ರಿ ನೆಲದ ಮೇಲೆ ಮಲಗಿದ್ದ ಹುಡುಗ ಬೆಳಗಿನ ಜಾವ ಹೊಟ್ಟೆ ನೋವು ಅಂತ ಎದ್ದ, ಮೈಮೇಲೆ ಎಲ್ಲೂ ಕಚ್ಚಿದ ಗುರುತಿಲ್ಲ, ಹುಳ ಯಾರ ಕಣ್ಣಿಗೂ ಬಿದ್ದಿಲ್ಲ, ಕಣ್ರೆಪ್ಪೆ ಮಾತ್ರ ಎತ್ತಲಿಕ್ಕೆ ಬರುತ್ತಿಲ್ಲ. ಅಂಥಾದ್ದು ಏನಂತ ತಿಳೀಬೇಕ್ರಿ ಸರ್? ವೈದ್ಯರು ಲೋಟ ಕೆಳಗಿಟ್ಟರು. ಸ್ಲೈಡು ಬಿಟ್ಟು, ಮುಖ ಕ್ಯಾಮೆರಾಕ್ಕೆ ಹತ್ತಿರ ತಂದು ಮಾತಾಡಲಾರಂಭಿಸಿದರು. ಅದು ಕಟ್ಟುಹಾವಿನ ಲಕ್ಷಣ. ಅದರ ಹಲ್ಲು ಸಣ್ಣದು, ಕಡಿತ ನೋಯುವುದಿಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ವಿಷ ನರಗಳನ್ನು ಹಿಡಿದು ಮೊದಲು ರೆಪ್ಪೆ, ಆಮೇಲೆ ಗಂಟಲು, ಕೊನೆಗೆ ಉಸಿರಾಟದ ಸ್ನಾಯುಗಳನ್ನು ಸೋಲಿಸುತ್ತದೆ. ಅಂಥವರನ್ನು ಅಂಗಾತ ಮಲಗಿಸದೆ ಮಗ್ಗುಲಾಗಿಸಿ, ಜೊಲ್ಲು ಹೊರಗೆ ಹರಿಯುವಂತೆ ಇಟ್ಟು, ಉಸಿರಾಟವನ್ನು ನೋಡುತ್ತಲೇ ಕರೆತರಬೇಕು. ಉಸಿರಾಡಿಸುವ ಸೌಲಭ್ಯವಿರುವ ಆಸ್ಪತ್ರೆಗೇ ತರಬೇಕು, ನಡುವೆ ಎಲ್ಲೂ ಮಂತ್ರಕ್ಕೆ ನಿಲ್ಲಬಾರದು. ಕೋಣೆಯಲ್ಲಿ ಚಹಾದ ಲೋಟ ಹಿಡಿದ ಕೈಗಳು ಹಾಗೇ ನಿಂತಿದ್ದವು. ತಾಸಿಗೂ ಮೀರಿದ ಆ ಪಾಠದಲ್ಲಿ ಎಲ್ಲರೂ ಬರೆದುಕೊಂಡದ್ದು ಈ ಭಾಗವನ್ನೇ, ಸ್ಲೈಡಿನಲ್ಲಿ ಇರದಿದ್ದ ಭಾಗವನ್ನು.

ಕೊನೆಯ ಹತ್ತು ನಿಮಿಷ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ. ಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದನ್ನು ಪತ್ತೆಹಚ್ಚಲು ಯಂತ್ರ ಬೇಡ. ಶುಭ್ರವಾದ, ಒಣಗಿದ ಗಾಜಿನ ನಳಿಗೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಿಡಿದು 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಒಮ್ಮೆ ವಾಲಿಸಿ ನೋಡಿದರಾಯಿತು. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಪ್ರತಿವಿಷ ಕೊಡಬೇಕು. ನಳಿಗೆ ಗಾಜಿನದೇ ಆಗಿರಬೇಕು, ಪ್ಲಾಸ್ಟಿಕ್ಕಿನಲ್ಲಿ ಫಲಿತಾಂಶ ತಪ್ಪುತ್ತದೆ ಎಂದು ವೈದ್ಯರು ಎರಡೆರಡು ಸಲ ಒತ್ತಿ ಹೇಳಿದರು. ಮಗುವಿಗೂ ದೊಡ್ಡವರಷ್ಟೇ ಪ್ರತಿವಿಷ, ಯಾಕೆಂದರೆ ಹಾವು ಚಿಕ್ಕವರಿಗೆಂದು ಕಡಿಮೆ ವಿಷ ಬಿಡುವುದಿಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ ಮೇಲೆ ಪ್ರತಿಯೊಂದು ಪ್ರಕರಣವೂ ಲೆಕ್ಕಕ್ಕೆ ಬರಬೇಕು. ಅದರ ಮರು ತಿಂಗಳೇ ಕೇಂದ್ರ ಸರ್ಕಾರ ತನ್ನ ರಾಷ್ಟ್ರೀಯ ಕ್ರಿಯಾಯೋಜನೆ ಪ್ರಕಟಿಸಿ, ಈ ಸಾವುಗಳನ್ನು 2030ರೊಳಗೆ ಅರ್ಧಕ್ಕೆ ಇಳಿಸುವ ಗುರಿ ಇಟ್ಟುಕೊಂಡಿತು. ಸಾವಿನ ಲೆಕ್ಕ ಎಷ್ಟೆಂದು ಕೇಳುತ್ತೀರಾ? 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ದೇಶದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ಬಹುಪಾಲು ಸಾವು ಹಳ್ಳಿಗಳಲ್ಲಿ, ಮಳೆಗಾಲದಲ್ಲಿ. ಕಿಟಕಿಯಾಚೆಗಿನ ತೊಗರಿ ಸಾಲಿನಲ್ಲಿ ಬಗ್ಗಿ ಕಳೆ ಕೀಳುತ್ತಿರುವ ಹೆಂಗಸರು ಆ ಲೆಕ್ಕದ ನಡುವೆಯೇ ನಿಂತಿದ್ದಾರೆ.

ಪರದೆಯ ಪಾಠ ಈ ಭಾಗಕ್ಕೆ ಹೊಸದೇನೂ ಅಲ್ಲ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಉಪಗ್ರಹದ ಮೂಲಕ ತಾಲ್ಲೂಕುಗಳ ಸಾಮರ್ಥ್ಯ ಸೌಧಗಳಿಗೆ ಪಂಚಾಯ್ತಿ ಸದಸ್ಯರ ತರಬೇತಿಯನ್ನು ತಲುಪಿಸಿತ್ತು. ಅಲ್ಲಿ ಚಿತ್ರ ಒಂದೇ ಕಡೆಯಿಂದ ಬರುತ್ತಿತ್ತು, ಪ್ರಶ್ನೆ ಕೇಳಲು ಟೆಲಿಫೋನು ಇರುತ್ತಿತ್ತು. ಶಿಕ್ಷಣಕ್ಕೆಂದೇ ಮಾಡಿದ ಎಜುಸ್ಯಾಟ್ ಉಪಗ್ರಹ ಹಾರಿದ್ದು 2004ರ ಸೆಪ್ಟೆಂಬರ್ 20ರಂದು. ಕೊರೊನಾ ಬಂದಾಗ, 2020ರ ಏಪ್ರಿಲ್‌ನಲ್ಲಿ, ವೈದ್ಯರಿಂದ ಹಿಡಿದು ಸ್ವಯಂಸೇವಕರವರೆಗೆ ಎಲ್ಲರಿಗೂ ದೀಕ್ಷಾ ವೇದಿಕೆಯಲ್ಲಿ ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳು ಶುರುವಾದವು. ಆಶಾ ಕಾರ್ಯಕರ್ತೆಯರ ಕೈಗೆ ಸ್ಮಾರ್ಟ್‌ಫೋನು ಪಾಠದ ಪುಸ್ತಕವಾಗಿ ಬಂದದ್ದು ಆ ದಿನಗಳಲ್ಲಿ.

ನನಗೆ ಹಿಡಿಸಿದ್ದು ಇನ್ನೊಂದು ದಾರಿ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಭಾರತ ಮೂಲದ ವೈದ್ಯ ಸಂಜೀವ್ ಅರೋರಾ 2003ರಲ್ಲಿ 'ಎಕೊ' ಎಂಬ ಪದ್ಧತಿ ಆರಂಭಿಸಿದರು. ಯಕೃತ್ತಿನ ಸೋಂಕಿನ ರೋಗಿಗಳು ಅವರ ಭೇಟಿಗಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ರೋಗಿಗಳನ್ನು ನಗರಕ್ಕೆ ಕರೆಸುವ ಬದಲು, ಹಳ್ಳಿಯ ವೈದ್ಯರನ್ನೇ ವಾರವಾರ ವಿಡಿಯೊದಲ್ಲಿ ಕೂಡಿಸಿ, ಅವರವರ ರೋಗಿಯ ವಿಷಯವನ್ನು ಅವರಿಂದಲೇ ಹೇಳಿಸಿ ಚರ್ಚಿಸುವುದು ಅವರ ಕ್ರಮ. ಭಾಷಣ ಕಡಿಮೆ, ಪ್ರಕರಣ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ಅದನ್ನು ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆಯ ತರಬೇತಿಗೆ ತಂದುಕೊಂಡು ಹತ್ತು ವರ್ಷ ದಾಟಿದೆ. ಜೇವರ್ಗಿಯ ಆ ಕಾಣದ ಹೆಣ್ಣುಮಗಳು ಕೇಳಿದ ಪ್ರಶ್ನೆ ಇದೆಯಲ್ಲ, ಅಂಥ ಪ್ರಶ್ನೆಯಿಂದಲೇ ಪಾಠ ಶುರುವಾಗುವುದು ಈ ಪದ್ಧತಿಯಲ್ಲಿ. ನಮ್ಮಲ್ಲಿ ಅದು ಪಾಠ ಮುಗಿಯುತ್ತ ಬಂದಾಗ ಬರುತ್ತದೆ, ಅದೂ ನೆಟ್‌ವರ್ಕ್ ಉಳಿದಿದ್ದರೆ.

ಮಧ್ಯಾಹ್ನಕ್ಕೆ ಬುತ್ತಿ ಬಿಚ್ಚಿದರು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ನಮಗೂ ಒಂದೊಂದು ರೊಟ್ಟಿ ಬಂತು. ಊಟದ ನಡುವೆ ಟಂಟಂ ಹುಡುಗ ತನ್ನ ಸಂದೇಹ ಹೊರತೆಗೆದ. ರಸ್ತೆಯಲ್ಲಿ ಬಿದ್ದವರನ್ನು ಗಾಡಿಗೆ ಹಾಕಿಕೊಂಡರೆ ಪೊಲೀಸರು ತನ್ನನ್ನೇ ಕೇಳುತ್ತಾರೆ ಎಂಬ ಅಂಜಿಕೆ ಅವನದು. ಸಿಸ್ಟರ್ ಬೆರಳಿಗೆ ಹತ್ತಿದ ಹಿಂಡಿ ಒರೆಸಿಕೊಳ್ಳುತ್ತ ಹೇಳಿದಳು: ಗಾಯಾಳುವಿಗೆ ನೆರವಾದವರನ್ನು ಕಾಪಾಡಲಿಕ್ಕೆ 2016ರಲ್ಲಿ ನಮ್ಮ ರಾಜ್ಯವೇ ಕಾಯ್ದೆ ಮಾಡಿದೆ, 2019ರಲ್ಲಿ ಮೋಟಾರು ವಾಹನ ಕಾಯ್ದೆಯಲ್ಲೂ ಅದು ಸೇರಿದೆ, ಹೆಸರು ಹೇಳಬೇಕೆಂದು ಕೂಡ ಯಾರೂ ಒತ್ತಾಯಿಸುವಂತಿಲ್ಲ. "ಖರೇ ಏನ್ರೀ ಅಕ್ಕಾ?" ಎಂದ ಹುಡುಗ. ಜೇವರ್ಗಿಯ ಹೆದ್ದಾರಿಯಲ್ಲಿ, ಅಮಾವಾಸ್ಯೆಗೆ ಘತ್ತರಗಿಯ ಭಾಗ್ಯವಂತಿಗೂ ಗಾಣಗಾಪುರದ ದತ್ತನಿಗೂ ತುಂಬಿ ತುಳುಕುತ್ತ ಹೋಗುವ ಕ್ರೂಸರುಗಳ ದಾರಿಯಲ್ಲಿ, ಅವನಂಥವರು ಈ ಒಂದು ವಾಕ್ಯ ತಿಳಿದಿದ್ದರೆ ಎಷ್ಟೋ ಉಪಕಾರ.

ಊಟವಾದ ಮೇಲಿನ ಪಾಠ ಎದೆ ಒತ್ತುವುದು. ಪರದೆಯ ಮೇಲೆ ಒಬ್ಬ ನರ್ಸ್ ರಬ್ಬರಿನ ಬೊಂಬೆಯ ಎದೆಯನ್ನು ಒತ್ತಿ ತೋರಿಸುತ್ತಿದ್ದಾಳೆ: ಎದೆಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಬುಡ, ಮೊಳಕೈ ಮಡಚದೆ, ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರಿಗಿಂತ ಕಡಿಮೆಯಿಲ್ಲ, ಆರನ್ನು ಮೀರಬಾರದು, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಬೇಕು. ಈ ಕೋಣೆಯಲ್ಲಿ ಬೊಂಬೆ ಇಲ್ಲ. ಅರ್ಧ ತುಂಬಿದ ತೊಗರಿ ಚೀಲಕ್ಕೆ ಕೌದಿ ಸುತ್ತಿ ನಡುವೆ ಮಲಗಿಸಿದ್ದಾರೆ. ಒಬ್ಬಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಡಿಯೂರಿದಳು. "ದಿನಾ ಇಪ್ಪತ್ತು ರೊಟ್ಟಿ ಬಡೀತೀವ್ರಿ ಸರ್, ಈ ಕೈ ಸೋಲಂಗಿಲ್ಲ," ಎಂದು ಪರದೆಗೆ ಹೇಳಿಯೇ ಶುರುಮಾಡಿದಳು. ಒಂದು, ಎರಡು, ಮೂರು ಎಂದು ಉಳಿದವರು ದನಿಗೂಡಿಸಿದರು. ನಿಮಿಷ ಕಳೆಯುವಷ್ಟರಲ್ಲಿ ಹಣೆಯ ಕುಂಕುಮ ಬೆವರಿಗೆ ಇಳಿಯಿತು. ಎರಡನೆಯ ನಿಮಿಷಕ್ಕೆ ಮೊಳಕೈ ಮಡಚಿಕೊಂಡಿತು. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕು, ಎಂಥ ಗಟ್ಟಿಗರೂ ಅದಕ್ಕಿಂತ ಹೆಚ್ಚು ಹೊತ್ತು ಸರಿಯಾಗಿ ಒತ್ತಲಾರರು ಎಂದು ಪುಸ್ತಕಗಳಲ್ಲಿ ಬರೆದಿರುವುದು ಆಗ ಎಲ್ಲರಿಗೂ ಮನದಟ್ಟಾಯಿತು. ಆದರೆ ಚೀಲ ಎಷ್ಟು ಆಳಕ್ಕೆ ತಗ್ಗಿತು, ಎದೆಯಾಗಿದ್ದರೆ ಅಷ್ಟು ಸಾಕಾಗುತ್ತಿತ್ತೇ ಎಂದು ಹೇಳುವವರು ಯಾರು? ಪರದೆಯಾಚೆಯವರಿಗೆ ಅಷ್ಟು ದೂರದಿಂದ ಕಾಣುವುದು ಒಂದು ಗುಲಾಬಿ ಸೀರೆಯ ಬೆನ್ನು ಮಾತ್ರ. ಅಭ್ಯಾಸದ ಬೊಂಬೆಯಾದರೆ ಒತ್ತು ಸರಿಬಿದ್ದಾಗ ಟಕ್ಕೆಂದು ಸದ್ದು ಮಾಡುತ್ತದೆ.

2023ರ ಡಿಸೆಂಬರ್ 6ರಂದು ರಾಷ್ಟ್ರೀಯ ವೈದ್ಯಕೀಯ ವಿಜ್ಞಾನ ಪರೀಕ್ಷಾ ಮಂಡಳಿ ದೇಶದಾದ್ಯಂತ ಒಂದೇ ದಿನ ಆನ್‌ಲೈನಿನಲ್ಲಿ ಈ ಪಾಠ ಮಾಡಿದಾಗ ಸೇರಿದವರು 20 ಲಕ್ಷಕ್ಕೂ ಹೆಚ್ಚು. ಒಳ್ಳೆಯದೇ. ಹೃದಯ ನಿಂತವರ ಪಕ್ಕದಲ್ಲಿ ಇರುವವರು ಹೆದರಿ ಹಿಂದೆ ಸರಿಯದಂತೆ ಮಾಡಲು ಅಷ್ಟು ಸಾಕಾಗಬಹುದು. ಕೈಗೆ ಆಳದ ಅಂದಾಜು ಕೂರಲು ಸಾಲದು.

ಹೃದಯದ ವಿಷಯದಲ್ಲಿ ಪರದೆ ನಿಜಕ್ಕೂ ದೂರವನ್ನು ಕಡಿಮೆ ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು. ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿ ತೆಗೆದು ಅಲ್ಲಿಂದಲೇ ಅಂತರ್ಜಾಲದಲ್ಲಿ ಕಳಿಸುತ್ತಾರೆ. ಅದು ನಿಮಿಷಗಳಲ್ಲಿ ಪರಿಶೀಲನೆಯಾಗಿ ಜಯದೇವ ಆಸ್ಪತ್ರೆಯಂಥ ಕೇಂದ್ರದ ತಜ್ಞರ ಸಲಹೆ ಬರುತ್ತದೆ. ರಕ್ತನಾಳ ಕಟ್ಟಿಕೊಂಡಿದ್ದರೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕಿನಲ್ಲೇ ಉಚಿತವಾಗಿ ಕೊಡುತ್ತಾರೆ. ಜಯದೇವದ ಕಲಬುರಗಿ ಆಸ್ಪತ್ರೆಗೆ ದೊಡ್ಡ ಹೊಸ ಕಟ್ಟಡ ಬಂದದ್ದು 2024ರ ಡಿಸೆಂಬರ್‌ನಲ್ಲಿ. ಇಲ್ಲಿ ಪಾಠ ಬೇರೆ, ಚಿಕಿತ್ಸೆ ಬೇರೆ ಅನ್ನುವಂತಿಲ್ಲ. ಪ್ರತಿಯೊಂದು ಇಸಿಜಿಯ ಜೊತೆಗೂ ತಾಲ್ಲೂಕಿನ ವೈದ್ಯ, ನರ್ಸು ಒಂದಿಷ್ಟು ಕಲಿಯುತ್ತಾರೆ, ರೋಗಿ ಎದುರಿಗೇ ಇರುವುದರಿಂದ ಮರೆಯುವುದೂ ಇಲ್ಲ.

ಈಗ ಒಂದಿಷ್ಟು ನೀರಿನ ಕಡೆ ಹೋಗೋಣ. ಆಳಂದದ ಕೋರಳ್ಳಿಯಲ್ಲಿ ಅಣೆಕಟ್ಟಿಗೆ ತಡೆದು ನಿಂತ ಅಮರ್ಜಾ ಅಲ್ಲಿಂದ ತೆವಳುತ್ತ ಇಳಿದು ಗಾಣಗಾಪುರದ ಸಂಗಮದಲ್ಲಿ ಭೀಮೆಗೆ ಸೇರುತ್ತದೆ. ಅಫಜಲಪುರವನ್ನು ಬಳಸಿಕೊಂಡು ಬಂದ ಭೀಮೆ ಜೇವರ್ಗಿಯ ಕಟ್ಟಿಸಂಗಾವಿಯ ಸೇತುವೆಯ ಕೆಳಗೆ ಹಾಯ್ದು ಮುಂದೆ ಹೋಗುತ್ತದೆ. ಮೂರು ತಾಲ್ಲೂಕನ್ನೂ ಹೊಲಿದ ದಾರ ಈ ನೀರು. ಬೇಸಿಗೆಯಲ್ಲಿ ಎಮ್ಮೆ ಕೂಡ ಮೊಣಕಾಲು ತೋಯಿಸದೆ ದಾಟುವ ಹೊಳೆ, ಮೇಲೆ ಸೊಲ್ಲಾಪುರದ ಉಜನಿ ಅಣೆಕಟ್ಟಿನ ಬಾಗಿಲು ತೆರೆದರೆ ಇಲ್ಲಿ ಹನಿ ಮಳೆ ಇಲ್ಲದಿದ್ದರೂ ಸೊನ್ನ ಬ್ಯಾರೇಜಿನ ಮೇಲೆ ಕೆಂಪಗೆ ಉಕ್ಕಿ ಬರುತ್ತದೆ. 2020ರ ಅಕ್ಟೋಬರ್‌ನಲ್ಲಿ ಹಾಗೆ ಬಂದಾಗ ದಂಡೆಯ ಊರುಗಳಿಂದ ಜನರನ್ನು ದೋಣಿಯಲ್ಲಿ ಹೊರತರಲು ರಾಷ್ಟ್ರೀಯ ವಿಪತ್ತು ಪಡೆ, ಸೇನೆ ಬರಬೇಕಾಯಿತು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಮತ್ತೊಮ್ಮೆ ಬಂತು.

ದಂಡೆಯ ಊರಿನ ಗುಡಿಯ ಕಟ್ಟೆಯ ಮೇಲೆ ಅಂಬಿಗರ ಹುಡುಗರು ಒಂದೇ ಫೋನಿನ ಸುತ್ತ ತಲೆ ಸೇರಿಸಿ ಕೂತಿದ್ದಾರೆ. ಮೀನಿನ ಬಲೆಯ ವಾಸನೆ, ಒಣಗಲು ಹಾಕಿದ ಬಲೆಯ ಮೇಲೆ ನೊಣಗಳ ಗುಂಯ್ ಸದ್ದು. ವಿಡಿಯೊದಲ್ಲಿ ಸಮವಸ್ತ್ರದವನೊಬ್ಬ ಖಾಲಿ ನೀರಿನ ಕ್ಯಾನುಗಳನ್ನು ಹಗ್ಗದಿಂದ ಬಿಗಿದು ತೇಲುವ ಸಾಧನ ಮಾಡುತ್ತಿದ್ದಾನೆ. ಮುಳುಗುತ್ತಿರುವವರ ಹತ್ತಿರ ಈಜಿ ಹೋಗುವ ಮೊದಲು ಹಗ್ಗ ಎಸೆಯಿರಿ, ಕ್ಯಾನು ಎಸೆಯಿರಿ. ಅಪ್ಪಿಕೊಂಡರೆ ಇಬ್ಬರೂ ಹೋಗುತ್ತೀರಿ ಎನ್ನುತ್ತಾನೆ. ಹಿಂದೆ ಬೀಡಿ ಸೇದುತ್ತ ನಿಂತ ಹಿರಿಯರೊಬ್ಬರು ಇಣುಕಿ ನೋಡಿ, "ಆ ಗಂಟು ನೀರಾಗ ನಿಲ್ಲಂಗಿಲ್ಲೋ ತಮ್ಮಾ, ತೊಯ್ದ ಮ್ಯಾಲ ಜಾರ್ತದ," ಎಂದು ತಾವೇ ಹಗ್ಗ ಇಸಿದುಕೊಂಡು ಬೇರೊಂದು ಗಂಟು ಹಾಕಿ ತೋರಿಸಿದರು. ಹುಡುಗರು ವಿಡಿಯೊ ನಿಲ್ಲಿಸಿ ಅವರ ಬೆರಳು ನೋಡಿದರು. ಆದರೆ ಆ ಹಿರಿಯರಿಗೂ ಹುಡುಗರಿಂದ ಕಲಿಯುವುದು ಒಂದಿತ್ತು. ಮುಳುಗಿದವರನ್ನು ಮೇಲೆ ತಂದರೆ ಹೊಟ್ಟೆ ಒತ್ತಿ, ತಲೆಕೆಳಗು ಮಾಡಿ ನೀರು ಕಕ್ಕಿಸುವುದು ಅವರ ಕಾಲದ ರೂಢಿ. ಹಾಗೆ ಮಾಡಿದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗುತ್ತದೆ, ಹೊತ್ತೂ ಹೋಗುತ್ತದೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. "ಹಂಗಾದ್ರ ನಾವು ಇಷ್ಟು ದಿನ ಮಾಡಿದ್ದು?" ಎಂದು ಅವರು ಕೇಳಿದ್ದಕ್ಕೆ ಯಾವ ಹುಡುಗನೂ ಉತ್ತರ ಕೊಡಲಿಲ್ಲ.

ಈ ಹುಡುಗರಂಥವರನ್ನೇ ಕಣ್ಣಲ್ಲಿಟ್ಟುಕೊಂಡು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2016ರಲ್ಲಿ 'ಆಪದ ಮಿತ್ರ' ಯೋಜನೆ ಆರಂಭಿಸಿತು. ಮೊದಲು ನೆರೆಹಾವಳಿಯ 30 ಜಿಲ್ಲೆಗಳಲ್ಲಿ 6,000 ಸ್ವಯಂಸೇವಕರು, 2021ರಿಂದ 350 ಜಿಲ್ಲೆಗಳಲ್ಲಿ ಒಂದು ಲಕ್ಷ ಮಂದಿಯ ಗುರಿ. ಅದರ ತರಬೇತಿ ಹನ್ನೆರಡು ದಿನ, ಎದುರಾಬದುರು, ನೀರಿಗಿಳಿದು, ಹಗ್ಗ ಹಿಡಿದು. ಅದನ್ನು ಪರದೆಗೆ ತರಲು ಹೋಗಬಾರದು. ಪರದೆಗೆ ಹೊಂದುವುದು ಅದರ ಮುಂದಿನ ಕೆಲಸ: ಕಲಿತದ್ದು ತುಕ್ಕು ಹಿಡಿಯದಂತೆ ಮಳೆಗಾಲಕ್ಕೆ ಮುನ್ನ ನೆನಪಿಸುವುದು, ಉಜನಿಯಿಂದ ನೀರು ಬಿಟ್ಟ ಸುದ್ದಿ ಬಂದ ದಿನ ಎಲ್ಲ ದಂಡೆಯ ಊರುಗಳನ್ನು ಒಂದೇ ಕರೆಯಲ್ಲಿ ಕೂಡಿಸುವುದು.

ಆಳಂದ ಕಡೆಯ ವಯಸ್ಸಾದವರಿಗೆ ಇನ್ನೊಂದು ನೆನಪಿದೆ. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಮಲಗಿದ್ದ ರಾತ್ರಿ, ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮುಂಚೆ ಗಡಿಯಾಚೆಯ ಕಿಲ್ಲಾರಿ ನಡುಗಿ ಹತ್ತು ಸಾವಿರದ ಸಮೀಪ ಜನ ಸತ್ತರು. ಸತ್ತವರಲ್ಲಿ ಬಹಳಷ್ಟು ಮಂದಿ ಕಲ್ಲು, ಮಣ್ಣಿನ ದಪ್ಪ ಗೋಡೆಗಳ ಕೆಳಗೆ ಸಿಕ್ಕವರು. ಅಂಥ ಗೋಡೆಗಳು ಆಳಂದದ ಹಳ್ಳಿಗಳಲ್ಲಿ ಇವತ್ತಿಗೂ ನಿಂತಿವೆ. ಆ ದಿನ ಮೊದಲು ಕಲ್ಲು ಸರಿಸಿದ್ದು ಪಕ್ಕದ ಮನೆಯಲ್ಲಿ ಬದುಕಿ ಉಳಿದವರು, ಬರಿಗೈಯಲ್ಲಿ. ರಾಷ್ಟ್ರೀಯ ವಿಪತ್ತು ಪಡೆ ಹುಟ್ಟಿದ್ದು ಅದಾಗಿ ಹದಿಮೂರು ವರ್ಷಕ್ಕೆ, 2006ರಲ್ಲಿ. 108 ಆಂಬುಲೆನ್ಸು ಕರ್ನಾಟಕದ ರಸ್ತೆಗೆ ಇಳಿದದ್ದು 2008ರ ನವೆಂಬರ್ 1ರಂದು. ಈಗ ಎರಡೂ ಇವೆ. ಆದರೂ ಮೊದಲ ಅರ್ಧ ತಾಸು ಈಗಲೂ ಪಕ್ಕದ ಮನೆಯವರದೇ.

ಪಾಠ ಮುಗಿದ ಮೇಲೆ ಫೋನಿಗೊಂದು ಲಿಂಕು ಬರುತ್ತದೆ. ಹತ್ತು ಪ್ರಶ್ನೆ, ಗುರುತು ಹಾಕಿದರೆ ಪ್ರಮಾಣಪತ್ರ. ಎಂಟನೆಯ ತರಗತಿ ಓದಿದ ಆಶಾ ಒಬ್ಬಳು ಮಗನ ಕೈಗೆ ಫೋನು ಕೊಟ್ಟು ಉತ್ತರ ಒತ್ತಿಸಿದಳು. ಅವಳನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಹಾವು ಕಡಿದ ಕಾಲಿಗೆ ಹಲಗೆ ಕಟ್ಟಲು ಅವಳಿಗೆ ಬರುತ್ತದೆ, ನಾನೇ ನೋಡಿದೆ. ನಾಲ್ಕು ಆಯ್ಕೆಯಲ್ಲಿ ಒಂದನ್ನು ಒತ್ತಲು ಬರುವುದಿಲ್ಲ. ಅವಳು ಕಲಿತದ್ದನ್ನು ಅಳೆಯಲು ಆ ಲಿಂಕಿಗೆ ಆಗುವುದಿಲ್ಲ. ಹಾಜರಾತಿಯ ಸಂಖ್ಯೆ ಮೇಲಕ್ಕೆ ಹೋಗುತ್ತದೆ, ಕಡತ ತುಂಬುತ್ತದೆ, ಕೌದಿ ಸುತ್ತಿದ ತೊಗರಿ ಚೀಲ ಮತ್ತೆ ಮೂಲೆಗೆ ಸೇರುತ್ತದೆ.

ಆನ್‌ಲೈನ್ ಪಾಠ ಬೇಡವೆನ್ನುವವರ ಪಂಗಡ ನನ್ನದಲ್ಲ. ಮಣ್ಣಿನ ದಾರಿಯಲ್ಲಿ ಇಡೀ ದಿನ ಕಳೆದು ಕಲಬುರಗಿಗೆ ಹೋಗಿ ಬರುವ ಬದಲು ತನ್ನೂರಿನ ಜಮಖಾನೆಯ ಮೇಲೆ ಕೂತು ತಜ್ಞರನ್ನು ಕೇಳಬಹುದೆಂದರೆ ಅದು ದೊಡ್ಡ ಅನುಕೂಲವೇ. ಕೊರತೆ ಇರುವುದು ಆಚೀಚೆ. ಕೈಗೆ ಸಿಗುವ ಸಾಮಾನಿಲ್ಲ, ಪ್ರಶ್ನೆಗೆ ಹೊತ್ತಿಲ್ಲ, ಟಂಟಂ ಹುಡುಗನಿಗೆ ಪಟ್ಟಿಯಲ್ಲಿ ಹೆಸರಿಲ್ಲ.

ಇವು ದೊಡ್ಡ ಬೇಡಿಕೆಗಳೇನಲ್ಲ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳಲ್ಲಿ ಎದೆ ಒತ್ತುವ ಅಭ್ಯಾಸಕ್ಕೆ ಎರಡೆರಡು ಬೊಂಬೆ ಇರಲಿ, ಅವು ಕಪಾಟಿನಲ್ಲಿ ಬೀಗದೊಳಗೆ ಕೂರದೆ ಆರೋಗ್ಯ ಮಂದಿರದಿಂದ ಆರೋಗ್ಯ ಮಂದಿರಕ್ಕೆ ತಿರುಗಲಿ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆಯ ಗಾಜಿನ ನಳಿಗೆ ಇರಲಿ. ಭೀಮಾ ದಂಡೆಯ ಪ್ರತಿ ಪಂಚಾಯ್ತಿಯಲ್ಲಿ ಹಗ್ಗ, ತೇಲುಜಾಕೆಟ್ಟು ಇರಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಇದು ಗಮನಕ್ಕೂ ಬಾರದಷ್ಟು ಸಣ್ಣ ಮೊತ್ತ. ನೀವು ಆ ಕಡೆಯವರಾಗಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಈ ಮೂರನ್ನು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಟಂಟಂ ಓಡಿಸುವವರನ್ನು ಮುಂದಿನ ತರಗತಿಗೆ ಹೆಸರು ಹಿಡಿದು ಕರೆಸಿ.